ಕಂಠದ ನಾಲ್ಕು ಗ್ರಂಥಿಗಳು: ಕಾರಣವೋ, ಕಾರ್ಯವೋ?

ಕಲಬುರಗಿ ಸೀಮೆಯಲ್ಲಿ ಶರೀರದ ಅಸ್ಥಿಗಳನ್ನು ಎಣಿಸುವ ಕೆಲಸವು ಇಂದು ನಿನ್ನೆಯದಲ್ಲ. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ (ಕ್ರಿ. ಶ. ೧೦೭೬–೧೧೨೬) ಆಶ್ರಯದಲ್ಲಿದ್ದ ವಿಜ್ಞಾನೇಶ್ವರನನ್ನು ಈ ಜಿಲ್ಲೆಯ ಮರ್ತೂರಿನವನೆಂದು ಹೇಳುವರು. ಅವನ ಮಿತಾಕ್ಷರಾ ವ್ಯಾಖ್ಯಾನವು ದಾಯವಿಭಾಗದ ವಿಷಯದಲ್ಲಿ ಪ್ರಮಾಣವೆಂದು ನ್ಯಾಯಾಲಯಗಳಲ್ಲಿ ಮನ್ನಣೆ ಪಡೆದುದು ಎಲ್ಲರಿಗೂ ತಿಳಿದಿದೆ. ಆದರೆ ಅದೇ ಗ್ರಂಥದ ಪ್ರಾಯಶ್ಚಿತ್ತಾಧ್ಯಾಯದಲ್ಲಿ, ಯತಿಧರ್ಮವನ್ನು ಹೇಳುವ ಪ್ರಸಂಗದಲ್ಲಿ, ಯಾಜ್ಞವಲ್ಕ್ಯನು ಮನುಷ್ಯ ಶರೀರದ ೩೬೦ ಅಸ್ಥಿಗಳನ್ನು ಅಂಗಾಂಗವಾಗಿ ಎಣಿಸಿದ್ದಾನೆಂಬುದನ್ನೂ, ವಿಜ್ಞಾನೇಶ್ವರನು ಆ ಎಣಿಕೆಯನ್ನು ವಿವರಿಸಿದ್ದಾನೆಂಬುದನ್ನೂ ಗಮನಿಸಿದವರು ಕಡಿಮೆ. ಚರಕನ ಲೆಕ್ಕವೂ ೩೬೦ ಆಗಿದೆ. ಸುಶ್ರುತನಾದರೋ ಶಲ್ಯತಂತ್ರದ ಪ್ರಕಾರ ೩೦೦ ಮಾತ್ರವೆಂದನು. ಇಂದಿನ ಶಾರೀರಶಾಸ್ತ್ರಜ್ಞರು ೨೦೬ ಎನ್ನುವರು. ಹಲ್ಲು, ಉಗುರು, ಮೃದ್ವಸ್ಥಿಗಳನ್ನು ಸೇರಿಸುವುದೋ ಬಿಡುವುದೋ ಎಂಬುದರಿಂದ ಬಂದ ವ್ಯತ್ಯಾಸವೇ ಇದರಲ್ಲಿ ಹೆಚ್ಚು.

ಅಸ್ಥಿಗಳನ್ನು ಹೀಗೆ ಎಣಿಸಿದ ಪೂರ್ವಿಕರಿಗೆ ಆ ಅಸ್ಥಿಗಳ ಒಳಗಿನ ಸುಣ್ಣವನ್ನು ಕಾಯುವ, ಕೆಲವೊಮ್ಮೆ ಕಳುವು ಮಾಡುವ, ನಾಲ್ಕು ಸಣ್ಣ ಗ್ರಂಥಿಗಳು ಕಂಠದಲ್ಲಿ ಅಡಗಿರುವುದು ಕಾಣಲಿಲ್ಲ. ಇದು ಅವರ ಕೊರತೆಯೆಂದು ಹೇಳಲಾಗದು. ಯೂರೋಪಿನ ವೈದ್ಯರಿಗೂ ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದವರೆಗೆ ಅವು ಕಂಡಿರಲಿಲ್ಲ. ಗಲಗಂಡವೆಂದು ಸುಶ್ರುತನು ವರ್ಣಿಸಿದ ಊತವು ಯಾವ ಗ್ರಂಥಿಯಲ್ಲಿ ಹುಟ್ಟುವುದೋ ಆ ಥೈರಾಯ್ಡ್ ಗ್ರಂಥಿಯ ಬೆನ್ನಿಗೆ, ಎಡಕ್ಕೆ ಎರಡು ಬಲಕ್ಕೆ ಎರಡು, ಹಳದಿ ಮಿಶ್ರಿತ ಕಂದು ಬಣ್ಣದ ಕಾಳುಗಳಂತೆ ಇವು ಅಂಟಿಕೊಂಡಿರುತ್ತವೆ. ಒಂದೊಂದರ ಗಾತ್ರವು ಈ ಭಾಗದ ಹೊಲಗಳಲ್ಲಿ ಬೆಳೆಯುವ ತೊಗರಿಯ ಒಂದು ಬೇಳೆಯಷ್ಟು. ತೂಕವೂ ಹೆಚ್ಚು ಕಡಿಮೆ ಅಷ್ಟೇ. ಗ್ರೀಕಿನಲ್ಲಿ ‘ಥೈರಾಯ್ಡ್’ ಎಂದರೆ ಗುರಾಣಿಯಾಕಾರದ್ದು, ‘ಪ್ಯಾರಾ’ ಎಂದರೆ ಪಕ್ಕದ್ದು. ಆದುದರಿಂದ ಇವಕ್ಕೆ ಪ್ಯಾರಾಥೈರಾಯ್ಡ್ ಗ್ರಂಥಿಗಳೆಂದು ಹೆಸರಾಯಿತು.

ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳ ಮನೆಗಳಲ್ಲಿ ನಡುವಯಸ್ಸಿನವರಿಗೆ ಎಲುಬುನೋವು ಹತ್ತಿದರೆ ವಾಯು ಎನ್ನುವುದು ವಾಡಿಕೆ. ಮೂತ್ರದಲ್ಲಿ ಹರಳು ಕಂಡರೆ ಬಿಸಿಲಿನ ದೋಷವೆನ್ನುವರು; ಕಾರಣವಿಲ್ಲದೆ ಮಲಬದ್ಧತೆ, ಬಾಯಾರಿಕೆ, ಮಂಕುತನ ಬಂದರೆ ವಯಸ್ಸಿನ ಮೇಲೆ ಹಾಕುವರು. ನೂರರಲ್ಲಿ ಬಹುಪಾಲು ಈ ಊಹೆಗಳು ಸರಿಯಾಗಿಯೂ ಇರಬಹುದು. ಆದರೆ ಈ ಮೂರೂ ಒಬ್ಬನೇ ರೋಗಿಯಲ್ಲಿ ಕೂಡಿದಾಗ ತೊಗರಿಬೇಳೆಯಷ್ಟು ಇರಬೇಕಾದ ಗ್ರಂಥಿಯೊಂದು ಅಡಕೆಯಷ್ಟಾಗಿ ಬೆಳೆದು ಕುಳಿತಿರುವ ಸಂಭವವುಂಟು. ಇದನ್ನು ಕಂಡುಹಿಡಿಯಲು ವೈದ್ಯಲೋಕವು ಪಟ್ಟ ಪಾಡು ದೀರ್ಘವಾದುದು. ಅದರ ಮೊದಲ ಅಧ್ಯಾಯದಲ್ಲಿ ಬರುವುದು ಮನುಷ್ಯನಲ್ಲ, ಖಡ್ಗಮೃಗ.

ಅಮರಸಿಂಹನು ಗಂಡಕ, ಖಡ್ಗ, ಖಡ್ಗೀ ಎಂದು ಮೂರು ಹೆಸರುಗಳಿಂದ ಕರೆದ ಈ ಪ್ರಾಣಿಯು ಶ್ರಾದ್ಧಪ್ರಕರಣಗಳಲ್ಲಿಯೂ ಸ್ಥಾನ ಪಡೆದಿದೆ. ಭಾರತೀಯ ಜಾತಿಯ ಇಂತಹ ಒಂದು ಖಡ್ಗಮೃಗವನ್ನು ಲಂಡನ್ನಿನ ಪ್ರಾಣಿಸಂಗ್ರಹಾಲಯದವರು ೧೮೩೪ರಲ್ಲಿ ಸಾವಿರ ಪೌಂಡಿಗೂ ಮಿಕ್ಕ ಬೆಲೆಗೆ ಕೊಂಡರು. ಹದಿನೈದು ವರ್ಷ ಜನರಿಗೆ ತಮಾಷೆಯಾಗಿದ್ದು ಅದು ೧೮೪೯ರ ನವೆಂಬರಿನಲ್ಲಿ ಸತ್ತಿತು. ಪ್ರಸಿದ್ಧ ಪ್ರಾಣಿಶಾಸ್ತ್ರಜ್ಞ ರಿಚರ್ಡ್ ಓವೆನ್ನನು ಅದರ ದೇಹವನ್ನು ಛೇದಿಸಿ, ಥೈರಾಯ್ಡಿಗೆ ಹತ್ತಿ ರಕ್ತನಾಳಗಳು ಹೊರಡುವಲ್ಲಿ ಒಂದು ಸಣ್ಣ ಹಳದಿ ಗ್ರಂಥಿಯಿದೆಯೆಂದು ಬರೆದಿಟ್ಟನು. ಆನೆಯಂತಹ ದೇಹದಲ್ಲಿ ಗೋಲಿಯಷ್ಟಾದರೂ ಕಂಡಿತಲ್ಲವೆ! ಅದು ಏನು, ಏತಕ್ಕೆ ಎಂಬುದನ್ನು ಮಾತ್ರ ಅವನು ವಿಚಾರಿಸಲಿಲ್ಲ.

ಮನುಷ್ಯನಲ್ಲಿ ಇವುಗಳನ್ನು ಕಂಡವನು ಸ್ವೀಡನ್ ದೇಶದ ಉಪ್ಸಾಲಾ ವಿಶ್ವವಿದ್ಯಾಲಯದ ವೈದ್ಯವಿದ್ಯಾರ್ಥಿ ಈವಾರ್ ಸಾಂಡ್‌ಸ್ಟ್ರೋಮ್. ೧೮೭೭ರಲ್ಲಿ ಒಂದು ನಾಯಿಯ ಕಂಠವನ್ನು ಛೇದಿಸುವಾಗ ಸೆಣಬಿನ ಬೀಜದಷ್ಟಿದ್ದ ಕಾಳನ್ನು ಅವನು ಕಂಡನು. ಬೆಕ್ಕು, ಮೊಲ, ಎತ್ತು, ಕುದುರೆಗಳಲ್ಲಿ ಹುಡುಕಿದನು. ಕೊನೆಗೆ ಐವತ್ತು ಮಾನವ ಶವಗಳಲ್ಲಿ ಹುಡುಕಿದನು. ಆ ಐವತ್ತರಲ್ಲಿ ನಲವತ್ಮೂರು ಶವಗಳಲ್ಲಿ ಎರಡೂ ಪಕ್ಕಗಳಲ್ಲಿ ಎರಡೆರಡು ಗ್ರಂಥಿಗಳು ಸಿಕ್ಕವು. ೧೮೮೦ರಲ್ಲಿ ಅವನ ಪ್ರಬಂಧವು ಸ್ವೀಡಿಷ್ ಭಾಷೆಯ ಪತ್ರಿಕೆಯಲ್ಲಿ ಅಚ್ಚಾಯಿತು. ದೊಡ್ಡ ಭಾಷೆಯಲ್ಲಿ ಬರೆಯದವನ ಮಾತನ್ನು ದೊಡ್ಡ ಲೋಕವು ಕೇಳುವುದಿಲ್ಲವೆಂಬುದು ಕನ್ನಡಿಗರಿಗೆ ಹೊಸ ಅನುಭವವೇನೂ ಅಲ್ಲ. ಹತ್ತು ವರ್ಷ ಆ ಪ್ರಬಂಧವನ್ನು ಕೇಳುವವರಿಲ್ಲದಾಯಿತು. ಸಾಂಡ್‌ಸ್ಟ್ರೋಮನು ೧೮೮೯ರಲ್ಲಿ, ಇನ್ನೂ ನಲವತ್ತು ತುಂಬುವ ಮೊದಲೇ, ಗತಿಸಿದನು.

ಈ ನಡುವೆ ಶಸ್ತ್ರವೈದ್ಯರು ಗಲಗಂಡವನ್ನು ಕತ್ತರಿಸಿ ತೆಗೆಯುವುದರಲ್ಲಿ ಪಳಗುತ್ತಿದ್ದರು. ಶಸ್ತ್ರಕ್ರಿಯೆ ಚೆನ್ನಾಗಿ ನಡೆದ ಮೇಲೂ ಕೆಲವರಿಗೆ ಒಂದೆರಡು ದಿನಗಳಲ್ಲಿ ಬೆರಳುಗಳು ಜುಮುಗುಟ್ಟಿ, ಕೈಗಳು ಸೆಟೆದು, ಮೈಯೆಲ್ಲ ಸೆಳೆತ ಹತ್ತುತ್ತಿತ್ತು. ಧನುರ್ವಾಯುವಿನಂತೆ ಕಂಡರೂ ಅದು ಧನುರ್ವಾಯುವಲ್ಲ. ಫ್ರಾನ್ಸಿನ ಯೂಜೀನ್ ಗ್ಲೇ ೧೮೯೧ರಲ್ಲಿಯೂ ಇಟಲಿಯ ವಸ್ಸಾಲೆ, ಜೆನೆರಾಲಿ ಎಂಬವರು ೧೮೯೬ರಲ್ಲಿಯೂ ಪ್ರಾಣಿಗಳ ಮೇಲೆ ಪ್ರಯೋಗ ನಡೆಸಿ, ಥೈರಾಯ್ಡಿನೊಡನೆ ತಿಳಿಯದೆ ಕಿತ್ತುಹೋಗುವ ಈ ಸಣ್ಣ ಗ್ರಂಥಿಗಳ ಅಭಾವವೇ ಸೆಳೆತಕ್ಕೆ ಮೂಲವೆಂದು ತೋರಿಸಿದರು. ಅಮೇರಿಕದ ಬಾಲ್ಟಿಮೋರಿನಲ್ಲಿ ಮ್ಯಾಕಲಮ್ ಮತ್ತು ಫೋಗ್ಟ್ಲಿನ್ ೧೯೦೯ರಲ್ಲಿ, ಇಂತಹ ಪ್ರಾಣಿಯ ರಕ್ತದಲ್ಲಿ ಕ್ಯಾಲ್ಸಿಯಂ, ಅಂದರೆ ಸುಣ್ಣದ ಮೂಲಧಾತು, ಇಳಿದಿರುವುದೆಂದೂ ಅದನ್ನು ರಕ್ತಕ್ಕೆ ಸೇರಿಸಿದೊಡನೆ ಸೆಳೆತ ನಿಲ್ಲುವುದೆಂದೂ ಪ್ರಕಟಿಸಿದರು. ಶರೀರದ ಕ್ಯಾಲ್ಸಿಯಮ್ಮಿನಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಪಾಲು ಎಲುಬು ಹಲ್ಲುಗಳಲ್ಲಿದೆ. ಉಳಿದ ಒಂದು ಪಾಲಿನ ಮೇಲೆ ನರಗಳ, ಸ್ನಾಯುಗಳ, ಹೃದಯದ ಕೆಲಸ ನಿಂತಿದೆ. ರಕ್ತದಲ್ಲಿ ಅದು ಕಡಿಮೆಯಾದ ಕೂಡಲೆ ಈ ಗ್ರಂಥಿಗಳು ತಮ್ಮ ರಸವನ್ನು ಸ್ರವಿಸಿ ಎಲುಬಿನ ಕಣಜದಿಂದ ಸುಣ್ಣವನ್ನು ತೆಗೆಸಿಕೊಡುತ್ತವೆ. ಮೂತ್ರದಲ್ಲಿ ಅದು ಹರಿದುಹೋಗದಂತೆ ತಡೆಯುತ್ತವೆ. ಡಿ ಜೀವಸತ್ವವನ್ನು ಚುರುಕುಗೊಳಿಸಿ ಕರುಳು ಹೆಚ್ಚು ಹೀರುವಂತೆ ಮಾಡುತ್ತವೆ. ರಕ್ತವು ತುಂಬಿದ ಮೇಲೆ ಸುಮ್ಮನಾಗುತ್ತವೆ.

ಗ್ರಂಥಿಯು ಇಲ್ಲವಾದರೆ ಏನಾಗುವುದೆಂಬುದು ಹೀಗೆ ತಿಳಿಯಿತು. ಅತಿಯಾದರೆ ಏನಾಗುವುದೆಂಬ ಪ್ರಶ್ನೆಯಲ್ಲಿಯೇ ವೈದ್ಯರು ಕಾಲು ಶತಮಾನ ಎಡವಿದರು. ಆ ಎಡವಿದ ಕಥೆಯು ತರ್ಕಶಾಸ್ತ್ರ ಓದಿದವರಿಗೆ ವಿಶೇಷವಾಗಿ ರುಚಿಸತಕ್ಕದ್ದು.

ಜರ್ಮನಿಯ ಫಾನ್ ರೆಕ್ಲಿಂಗ್‌ಹೌಸೆನ್ ೧೮೯೧ರಲ್ಲಿ ಒಂದು ಭೀಕರ ಅಸ್ಥಿರೋಗವನ್ನು ವರ್ಣಿಸಿದ್ದನು. ಅದರಲ್ಲಿ ಎಲುಬು ತನ್ನ ಸುಣ್ಣವನ್ನು ಕಳೆದುಕೊಂಡು ನಾರಿನಂತಾಗುವುದು, ಒಳಗೆ ಪೊಳ್ಳುಗಳಾಗುವುವು, ತೊಡೆಯೆಲುಬು ಬಾಗುವುದು, ಹಾಸಿಗೆಯಲ್ಲಿ ಮಗ್ಗುಲಾದರೂ ಮುರಿಯುವುದು. ೧೯೦೪ರಲ್ಲಿ ಆಸ್ಕನಾಜಿ ಎಂಬ ರೋಗಶಾಸ್ತ್ರಜ್ಞನು ಇಂತಹ ರೋಗಿಯೊಬ್ಬನ ಶವದಲ್ಲಿ ಪ್ಯಾರಾಥೈರಾಯ್ಡ್ ಗ್ರಂಥಿಯ ಗೆಡ್ಡೆಯನ್ನು ಕಂಡನು. ಬೇರೆಯವರಿಗೂ ಕಂಡಿತು. ಎಲುಬು ಕರಗಿದೆ, ಗ್ರಂಥಿ ಬೆಳೆದಿದೆ. ಇವೆರಡರಲ್ಲಿ ಯಾವುದು ಕಾರಣ, ಯಾವುದು ಕಾರ್ಯ? ವಿಯೆನ್ನಾದ ಯಾಕೋಬ್ ಎರ್ಡ್‌ಹೈಮ್ ಮಹಾ ಪರಿಶ್ರಮಿ. ಎಲುಬು ಮೆತ್ತಗಾಗುವ ಬೇರೆ ರೋಗಗಳಲ್ಲಿ ನಾಲ್ಕೂ ಗ್ರಂಥಿಗಳು ದಪ್ಪವಾಗುವುದನ್ನು ಅವನು ಕಣ್ಣಾರೆ ಕಂಡಿದ್ದನು. ಆದುದರಿಂದ, ಎಲುಬು ರೋಗಗೊಂಡಾಗ ಅದಕ್ಕೆ ನೆರವಾಗಲು ಗ್ರಂಥಿಯು ಬೆಳೆಯುವುದೆಂದೂ, ಗೆಡ್ಡೆಯು ಕಾರ್ಯವೇ ಹೊರತು ಕಾರಣವಲ್ಲವೆಂದೂ ಅವನು ನಿರ್ಣಯಿಸಿದನು. ಅವನ ವಿದ್ವತ್ತಿನ ಭಾರದಿಂದ ಈ ಮತವು ಸಿದ್ಧಾಂತವಾಯಿತು. ದೊಡ್ಡ ಪಂಡಿತನ ತಪ್ಪು ಸಾಮಾನ್ಯನ ತಪ್ಪಿಗಿಂತ ಹೆಚ್ಚು ಕಾಲ ಬಾಳುವುದು!

ಇದನ್ನು ಅಲ್ಲಗಳೆದವನು ಅದೇ ವಿಯೆನ್ನಾದ ಶ್ಲಾಗೆನ್‌ಹೌಫರ್. ೧೯೧೫ರಲ್ಲಿ ಅವನು ಕೇಳಿದ ಪ್ರಶ್ನೆ ಸರಳವಾದುದು. ಎಲುಬಿನ ನೆರವಿಗಾಗಿ ಬೆಳೆಯುವುದಾದರೆ ನಾಲ್ಕೂ ಗ್ರಂಥಿಗಳು ಬೆಳೆಯಬೇಕಷ್ಟೆ. ಒಂದೇ ಒಂದು ಬೆಳೆದು ಉಳಿದವು ಸಣ್ಣದಾಗಿಯೇ ಇರುವುದೇಕೆ? ಹಾಗೆ ಒಂದೇ ಬೆಳೆದಿದ್ದರೆ ಅದನ್ನು ಕತ್ತರಿಸಿ ತೆಗೆದು ನೋಡಬೇಕು ಎಂದನು. ನಮ್ಮ ನೈಯಾಯಿಕರು ಅನ್ವಯ ವ್ಯತಿರೇಕವೆಂದು ಕರೆಯುವ ಪರೀಕ್ಷೆಯೇ ಇದು: ಇದ್ದಾಗ ಇರುವುದು ಕಂಡಿದೆ; ಇಲ್ಲದಾಗ ಇಲ್ಲವಾಗುವುದೋ ನೋಡೋಣ ಎಂಬುದು. ಆದರೆ ಮಹಾಯುದ್ಧದ ಗದ್ದಲದಲ್ಲಿ ಈ ಮಾತಿಗೆ ಯಾರೂ ಕಿವಿಗೊಡಲಿಲ್ಲ.

ಪರೀಕ್ಷೆಯು ನಡೆದುದು ಆಲ್ಬರ್ಟ್ ಎಂಬ ಟ್ರಾಮ್‌ಗಾಡಿಯ ನೌಕರನ ಕಂಠದಲ್ಲಿ. ಅವನು ವಿಯೆನ್ನಾದ ಬೀದಿಗಳಲ್ಲಿ ದುಡಿಯುತ್ತಿದ್ದವನು. ಕಾಲುನೋವಿನಿಂದ ಮೊದಲಾಗಿ ತೊಡೆಯೆಲುಬು ಮುರಿಯುವವರೆಗೆ ರೋಗವು ಏರಿತು. ಅವನ ಮೂತ್ರವು ಸುಣ್ಣದಿಂದ ಬೆಳ್ಳಗಾಗುತ್ತಿತ್ತು. ಶಸ್ತ್ರವೈದ್ಯ ಫೆಲಿಕ್ಸ್ ಮಾಂಡ್ಲ್ ಅಂದಿನ ಸಿದ್ಧಾಂತವನ್ನು ನಂಬಿ, ಗ್ರಂಥಿರಸದ ಕೊರತೆಯಿದೆಯೆಂದು ಭಾವಿಸಿ, ಅದೇ ರಸವನ್ನು ಔಷಧವಾಗಿ ಕೊಟ್ಟನು. ಗುಣವಿಲ್ಲ. ಅಪಘಾತದಲ್ಲಿ ಸತ್ತವನೊಬ್ಬನ ಗ್ರಂಥಿಗಳನ್ನು ತಂದು ರೋಗಿಯ ಮೈಯಲ್ಲಿ ನೆಟ್ಟನು. ಗುಣವಾಗುವ ಬದಲು ರೋಗ ಹೆಚ್ಚಿತು. ಉರಿಯುವ ಮನೆಗೆ ಎಣ್ಣೆ ಹೊಯ್ದಂತಾಗಿತ್ತು. ಮಾಂಡ್ಲನ ಹಿರಿಮೆಯಿರುವುದು ಮುಂದಿನ ಹೆಜ್ಜೆಯಲ್ಲಿ. ತಾನು ನಡೆದ ದಾರಿ ತಲೆಕೆಳಗಾದುದೆಂದು ಒಪ್ಪಿಕೊಂಡು ಅವನು ೧೯೨೫ರ ಜುಲೈ ೩೦ರಂದು ಆಲ್ಬರ್ಟನ ಕಂಠವನ್ನು ತೆರೆದು, ಎರಡು ಸೆಂಟಿಮೀಟರಿಗೂ ಮಿಕ್ಕ ಉದ್ದದ ಗೆಡ್ಡೆಯನ್ನು ತೆಗೆದುಬಿಟ್ಟನು. ಮೂತ್ರವು ಕೆಲವೇ ದಿನಗಳಲ್ಲಿ ತಿಳಿಯಾಯಿತು. ನೋವು ಇಳಿಯಿತು. ಹಾಸಿಗೆ ಹಿಡಿದವನು ಎದ್ದು ನಡೆದಾಡಿದನು. ಎರ್ಡ್‌ಹೈಮನ ಸಿದ್ಧಾಂತವು ಒಂದು ಅಡಕೆಯಷ್ಟು ಮಾಂಸಖಂಡದಿಂದ ಮುರಿದುಬಿದ್ದಿತು. ಆಲ್ಬರ್ಟನ ಕಥೆ ಇಲ್ಲಿಗೇ ಮುಗಿಯಲಿಲ್ಲ. ಅದಕ್ಕೆ ಮುಂದೆ ಬರಬೇಕಾಗುವುದು.

ಅದೇ ಕಾಲದಲ್ಲಿ ಅಟ್ಲಾಂಟಿಕ್ ಸಮುದ್ರದ ಆಚೆ ದಡದಲ್ಲಿ ಕ್ಯಾಪ್ಟನ್ ಚಾರ್ಲ್ಸ್ ಮಾರ್ಟೆಲ್ ಎಂಬ ಹಡಗಿನ ಅಧಿಕಾರಿಯು ಕುಗ್ಗುತ್ತಿದ್ದನು. ಕುಗ್ಗುವುದೆಂಬ ಮಾತು ಇಲ್ಲಿ ಅಲಂಕಾರವಲ್ಲ. ಆರಡಿ ಮೀರಿದ್ದ ಆಳು ಕೆಲವೇ ವರ್ಷಗಳಲ್ಲಿ ಏಳು ಅಂಗುಲ ಗಿಡ್ಡನಾದನು; ಬೆನ್ನೆಲುಬಿನ ಮಣಿಗಳು ಒಂದರ ಮೇಲೊಂದು ಕುಸಿದಿದ್ದವು. ಎಲುಬುಗಳು ಮತ್ತೆ ಮತ್ತೆ ಮುರಿದವು. ಮೂತ್ರದಲ್ಲಿ ಹರಳು ಬಿದ್ದವು. ನ್ಯೂಯಾರ್ಕಿನಲ್ಲಿ ಯೂಜೀನ್ ಡುಬಾಯ್ಸ್ ೧೯೨೬ರಲ್ಲಿ ಅವನ ರಕ್ತವನ್ನು ಪರೀಕ್ಷಿಸಿ ಗ್ರಂಥಿಯ ಅತಿಸ್ರಾವವೆಂದು ಊಹಿಸಿ ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಗೆ ಕಳುಹಿಸಿದನು. ಅಲ್ಲಿ ಕಂಠವನ್ನು ತೆರೆದರು, ಗೆಡ್ಡೆ ಸಿಕ್ಕಲಿಲ್ಲ. ಮತ್ತೆ ತೆರೆದರು, ಸಿಕ್ಕಲಿಲ್ಲ. ಹೀಗೆ ಆರು ಸಲ! ಕೊನೆಗೆ ರೋಗಿಯೇ ಶಾರೀರಶಾಸ್ತ್ರದ ಗ್ರಂಥಗಳನ್ನು ತರಿಸಿ ಓದಿ, ಗರ್ಭದಲ್ಲಿ ಈ ಗ್ರಂಥಿಗಳು ಕೆಳಗಿಳಿದು ಬರುವಾಗ ಒಂದು ಎದೆಗೂಡಿನವರೆಗೆ ಇಳಿದಿರಬಹುದಲ್ಲವೆ, ಅಲ್ಲಿಯೇ ಹುಡುಕಿರೆಂದು ವೈದ್ಯರನ್ನು ಒತ್ತಾಯಿಸಿದನಂತೆ. ೧೯೩೨ರಲ್ಲಿ ಚರ್ಚಿಲ್ ಮತ್ತು ಆಲಿವರ್ ಕೋಪ್ ಏಳನೆಯ ಸಲ, ಈ ಸಲ ಎದೆಯೆಲುಬನ್ನು ಸೀಳಿ, ಮೂರು ಸೆಂಟಿಮೀಟರ್ ಗೆಡ್ಡೆಯನ್ನು ಕಂಡುಹಿಡಿದರು. ಆದರೆ ಕಾಲ ಮಿಂಚಿತ್ತು. ಮೂತ್ರಪಿಂಡಗಳು ಹರಳುಗಳಿಂದ ಹಾಳಾಗಿದ್ದವು. ಆರು ವಾರಗಳಲ್ಲಿ ಕ್ಯಾಪ್ಟನ್ನನು ತೀರಿಕೊಂಡನು. ಗ್ರಂಥಿಯು ಇರಬೇಕಾದಲ್ಲಿ ಇರದೆಯೂ ಇರಬಹುದೆಂಬ ಪಾಠವನ್ನು ಶಸ್ತ್ರವೈದ್ಯರಿಗೆ ಕಲಿಸಿದವನು ಅವನೇ.

ಆ ಮೇಲೆ ಫುಲ್ಲರ್ ಆಲ್‌ಬ್ರೈಟ್ ಎಂಬ ಬಾಸ್ಟನ್ನಿನ ವೈದ್ಯನು, ಎಲುಬಿನ ಲಕ್ಷಣವೇ ಇಲ್ಲದೆ ಬರಿಯ ಮೂತ್ರಾಶ್ಮರಿಯಾಗಿಯೂ ಈ ರೋಗವು ತೋರಬಹುದೆಂದು ೧೯೩೦ರ ದಶಕದಲ್ಲಿ ಸಾಧಿಸಿದನು. ಅಶ್ಮರಿಯ ರೋಗಿಗಳೆಲ್ಲರ ರಕ್ತದ ಕ್ಯಾಲ್ಸಿಯಮ್ಮನ್ನು ನೋಡುವ ಪದ್ಧತಿ ಅಲ್ಲಿಂದ ಬಂದಿತು.

ಇಂದು ರೋಗನಿರ್ಣಯವು ಎರಡು ಅಂಕಿಗಳ ಮೇಲೆ ನಿಲ್ಲುತ್ತದೆ. ನೂರು ಮಿಲಿಲೀಟರ್ ರಕ್ತದ್ರವದಲ್ಲಿ ಕ್ಯಾಲ್ಸಿಯಂ ಸುಮಾರು ೮.೫ರಿಂದ ೧೦.೫ ಮಿಲಿಗ್ರಾಂ ಇರುವುದು ಸಹಜ. ಅದು ಮೇಲೇರಿದರೆ ಆರೋಗ್ಯವಂತನ ಗ್ರಂಥಿಗಳು ಮೌನವಾಗಬೇಕು. ಅವುಗಳ ರಸವು ರಕ್ತದಲ್ಲಿ ಇಳಿಯಬೇಕು. ಕ್ಯಾಲ್ಸಿಯಂ ಏರಿದ್ದರೂ ರಸವು ಇಳಿಯದೆ ತಾನೂ ಏರಿದ್ದರೆ ತಪ್ಪು ಗ್ರಂಥಿಯದೇ. ಆ ರಸವನ್ನು ಅಳೆಯುವುದು ಬಹು ಕಾಲ ಅಸಾಧ್ಯವಾಗಿತ್ತು. ನ್ಯೂಯಾರ್ಕಿನ ಸಾಲೊಮನ್ ಬರ್ಸನ್ ಮತ್ತು ರೊಸಲಿನ್ ಯಾಲೋ ತಮ್ಮ ವಿಕಿರಣಮಾಪನ ವಿಧಾನದಿಂದ ೧೯೬೩ರಲ್ಲಿ ಅದನ್ನು ಸಾಧಿಸಿದರು. ಬರ್ಸನ್ ೧೯೭೨ರಲ್ಲಿ ಗತಿಸಿದನು. ಯಾಲೋ ವಿದುಷಿಗೆ ೧೯೭೭ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

ಗೆಡ್ಡೆಯಿದೆಯೆಂದು ರಕ್ತವು ಹೇಳಿದ ಮೇಲೆ ಎಲ್ಲಿದೆಯೆಂಬುದನ್ನು ಚಿತ್ರಗಳು ಹೇಳಬೇಕು. ಕಂಠದ ಅಲ್ಟ್ರಾಸೌಂಡ್ ಒಂದು. ೧೯೮೯ರಿಂದ ಬಳಕೆಗೆ ಬಂದ ಸೆಸ್ಟಾಮಿಬಿ ಎಂಬ ವಿಕಿರಣದ್ರವ್ಯದ ಚಿತ್ರ ಇನ್ನೊಂದು. ಈ ದ್ರವ್ಯವನ್ನು ರಕ್ತನಾಳಕ್ಕೆ ಚುಚ್ಚಿದರೆ ಥೈರಾಯ್ಡಿನಿಂದ ಅದು ಬೇಗ ಹರಿದುಹೋಗಿ, ಬೆಳೆದ ಪ್ಯಾರಾಥೈರಾಯ್ಡಿನಲ್ಲಿ ನಿಂತು ಹೊಳೆಯುವುದು, ಎದೆಗೂಡಿನಲ್ಲಿದ್ದರೂ ಕಾಣುವುದು. ಮಾರ್ಟೆಲ್ಲನಿಗೆ ಏಳು ಶಸ್ತ್ರಕ್ರಿಯೆಗಳಲ್ಲಿ ದೊರೆತುದು ಇಂದು ಬಹುಮಟ್ಟಿಗೆ ಒಂದು ಮಧ್ಯಾಹ್ನದಲ್ಲಿ ದೊರೆಯುವುದು. ಗ್ರಂಥಿರಸವು ರಕ್ತದಲ್ಲಿ ಕೆಲವೇ ನಿಮಿಷ ಬಾಳುವುದರಿಂದ, ಗೆಡ್ಡೆ ತೆಗೆದ ಹತ್ತು ನಿಮಿಷಕ್ಕೆ ರಕ್ತವನ್ನು ಮತ್ತೆ ಪರೀಕ್ಷಿಸಿ, ಅರ್ಧಕ್ಕಿಂತ ಹೆಚ್ಚು ಇಳಿದಿದ್ದರೆ ಕಂಠವನ್ನು ಹೊಲಿಯುವ ಕ್ರಮವೂ ಇದೆ.

ಕಂಠದಲ್ಲಿ ಕತ್ತಿಯಾಡಿಸುವುದು ಸುಲಭವಲ್ಲ. ಕಂಠನಾಡಿಯ ಎರಡೂ ಪಕ್ಕಗಳಲ್ಲಿ ನೀಲಾ, ಮನ್ಯಾ ಎಂಬ ಮರ್ಮಗಳಿವೆಯೆಂದೂ, ಅವಕ್ಕೆ ಪೆಟ್ಟಾದರೆ ಮೂಕತನವೂ ಸ್ವರವಿಕಾರವೂ ಬರುವುದೆಂದೂ ಸುಶ್ರುತನು ಎಚ್ಚರಿಸಿದ್ದಾನೆ. ಇಂದಿನ ಶಸ್ತ್ರವೈದ್ಯನು ಹೆದರುವುದೂ ಅಲ್ಲಿಯೇ: ಧ್ವನಿಪೆಟ್ಟಿಗೆಗೆ ಹೋಗುವ ನರವು ಈ ಗ್ರಂಥಿಗಳನ್ನು ಒರಸಿಕೊಂಡೇ ಹೋಗುತ್ತದೆ. ಸುಶ್ರುತನು ಆ ನರವನ್ನೇ ಹೇಳಿದನೆಂದು ವಾದಿಸುವುದು ಅತಿರೇಕವಾದೀತು; ಆದರೆ ಅವನು ಎಚ್ಚರಿಸಿದ ಜಾಗವು ಸರಿಯಾದುದೆಂಬುದರಲ್ಲಿ ಸಂದೇಹವಿಲ್ಲ.

ಈ ಗೆಡ್ಡೆಗಳಲ್ಲಿ ಬಹುಪಾಲು ಸೌಮ್ಯವಾದವು. ತೆಗೆದರೆ ರೋಗ ಮುಗಿಯಿತು. ನೂರು ಜನ ರೋಗಿಗಳಲ್ಲಿ ಒಬ್ಬನಿಗಿಂತಲೂ ಕಡಿಮೆ ಜನರಲ್ಲಿ ಅದು ಕ್ಯಾನ್ಸರ್ ಆಗಿರುವುದು. ಸ್ವಿಟ್ಜರ್ಲೆಂಡಿನ ಡಿ ಕೆರ್ವೇನ್ ೧೯೦೪ರಲ್ಲಿ ಇದನ್ನು ಮೊದಲು ವರದಿ ಮಾಡಿದನು. ಇದರ ಲಕ್ಷಣಗಳು ಸೌಮ್ಯ ಗೆಡ್ಡೆಯ ಲಕ್ಷಣಗಳೇ, ಆದರೆ ಉಗ್ರವಾದವು: ಕ್ಯಾಲ್ಸಿಯಂ ೧೪ ಮಿಲಿಗ್ರಾಂ ದಾಟುವುದು, ಗ್ರಂಥಿರಸವು ಸಹಜಕ್ಕಿಂತ ಹಲವು ಪಟ್ಟು ಏರುವುದು, ಸಾಮಾನ್ಯವಾಗಿ ಕೈಗೆ ಸಿಗದ ಗೆಡ್ಡೆಯು ಕಂಠದಲ್ಲಿ ಬೆರಳಿಗೆ ಸಿಗುವುದು, ಸ್ವರವು ಒಡೆಯುವುದು. ಎಲುಬೂ ಮೂತ್ರಪಿಂಡವೂ ಒಟ್ಟಿಗೆ ಕೆಡುವುವು. ಇಂತಹ ಸಂದೇಹವಿರುವಾಗ ಸೂಜಿ ಚುಚ್ಚಿ ತುಣುಕು ತೆಗೆಯಬಾರದೆಂದು ತಜ್ಞರು ಹೇಳುವರು. ಸೂಜಿಯ ದಾರಿಯಲ್ಲಿ ರೋಗದ ಕಣಗಳು ಬಿತ್ತಿದಂತಾಗುವ ಭಯವುಂಟು. ಗೆಡ್ಡೆಯ ಹೊರಪೊರೆಯನ್ನು ಒಡೆಯದೆ, ಅಂಟಿದ ಥೈರಾಯ್ಡಿನ ಪಾಲಿನೊಡನೆ ಇಡಿಯಾಗಿ, ಮೊದಲ ಸಲವೇ ತೆಗೆಯುವುದೇ ಮುಖ್ಯ ಚಿಕಿತ್ಸೆ. ವಿಕಿರಣದಿಂದಲೂ ಕ್ಯಾನ್ಸರಿನ ಔಷಧಗಳಿಂದಲೂ ಇಲ್ಲಿ ದೊರೆಯುವ ಫಲ ಅಲ್ಪ. ಇದರಲ್ಲಿ ರೋಗಿಯನ್ನು ಕೊಲ್ಲುವುದು ಹೆಚ್ಚಾಗಿ ಗೆಡ್ಡೆಯ ಭಾರವಲ್ಲ, ರಕ್ತದಲ್ಲಿ ಏರಿದ ಸುಣ್ಣ. ಆದುದರಿಂದ ಶಸ್ತ್ರಕ್ರಿಯೆ ಸಾಗದಲ್ಲಿ ಕ್ಯಾಲ್ಸಿಯಮ್ಮನ್ನು ಇಳಿಸುವ ಸಿನಕ್ಯಾಲ್ಸೆಟ್ ಮುಂತಾದ ಔಷಧಗಳು ಆಯುಸ್ಸನ್ನು ಎಳೆಯುತ್ತವೆ. ಸಿನಕ್ಯಾಲ್ಸೆಟ್ಟಿಗೆ ಅಮೇರಿಕದಲ್ಲಿ ೨೦೦೪ರಲ್ಲಿ ಅನುಮತಿ ದೊರೆಯಿತು. ೨೦೦೨ರಲ್ಲಿ ಒಂದನೆಯ ವರ್ಣತಂತುವಿನ ಮೇಲಿನ ಒಂದು ವಂಶವಾಹಿಯ ದೋಷವು ಈ ಕ್ಯಾನ್ಸರಿಗೂ, ದವಡೆಯ ಗೆಡ್ಡೆಗಳು ಜೊತೆಗೂಡುವ ಒಂದು ಕುಟುಂಬರೋಗಕ್ಕೂ ಮೂಲವೆಂದು ತಿಳಿದುಬಂದಿತು. ಆದುದರಿಂದ ರೋಗಿಯ ಒಡಹುಟ್ಟಿದವರ, ಮಕ್ಕಳ ರಕ್ತವನ್ನೂ ನೋಡುವುದುಂಟು.

ಸೂಕ್ಷ್ಮದರ್ಶಕದಲ್ಲಿ ಸೌಮ್ಯವೆಂದು ಕಂಡುದು ವರ್ಷಗಳ ಮೇಲೆ ಮರುಕಳಿಸಿ ತನ್ನ ನಿಜರೂಪ ತೋರುವುದೂ ಉಂಟು. ವಿಯೆನ್ನಾದ ಆಲ್ಬರ್ಟನಿಗೆ ಹಾಗೆಯೇ ಆಯಿತು. ಕೆಲವು ವರ್ಷ ಸುಖವಾಗಿದ್ದ ಮೇಲೆ ಅವನ ಎಲುಬುಗಳು ಮತ್ತೆ ನೋಯತೊಡಗಿದವು. ೧೯೩೩ರಲ್ಲಿ ಮಾಂಡ್ಲ್ ಕಂಠವನ್ನು ಎರಡನೆಯ ಸಲ ತೆರೆದರೂ ಫಲವಾಗಲಿಲ್ಲ. ಆಲ್ಬರ್ಟ್ ಆ ರೋಗದಿಂದಲೇ ಸತ್ತನು. ಅವನದು ಮೊದಲಿನಿಂದಲೂ ಕ್ಯಾನ್ಸರೇ ಆಗಿದ್ದಿರಬೇಕೆಂದು ಈಚಿನ ಕೆಲವು ವಿದ್ವಾಂಸರು ಊಹಿಸುತ್ತಾರೆ. ಮೊದಲ ವಿಜಯವೆಂದು ಎಲ್ಲ ಗ್ರಂಥಗಳೂ ಕೊಂಡಾಡುವ ರೋಗಿಯು ಅತ್ಯಂತ ವಿರಳ ಜಾತಿಯವನಾಗಿದ್ದಿರಬಹುದೆಂಬುದು ವಿಚಿತ್ರವೇ ಸರಿ.

ಇನ್ನು ಭಾರತದ ಮಾತು. ಪಾಶ್ಚಾತ್ಯ ದೇಶಗಳಲ್ಲಿ ೧೯೭೦ರ ಸುಮಾರಿಗೆ ಯಂತ್ರಗಳಿಂದ ಎಲ್ಲರ ರಕ್ತವನ್ನೂ ಪರೀಕ್ಷಿಸುವುದು ರೂಢಿಯಾದ ಮೇಲೆ ಈ ರೋಗವು ಲಕ್ಷಣಗಳು ತೋರುವ ಮೊದಲೇ ಸಿಕ್ಕಿಬೀಳುತ್ತಿದೆ. ಅಲ್ಲಿ ಅದು ಐವತ್ತು ದಾಟಿದವರ ರೋಗ. ಲಖನೌ, ಚಂಡೀಗಢ, ದೆಹಲಿಗಳ ವೈದ್ಯರು ಪ್ರಕಟಿಸಿದ ವೃತ್ತಾಂತಗಳಲ್ಲಿ ಕಾಣುವ ಭಾರತೀಯ ರೋಗಿಯು ಅವರಿಗಿಂತ ಹತ್ತಿಪ್ಪತ್ತು ವರ್ಷ ಕಿರಿಯ. ಅವನ ಗೆಡ್ಡೆ ದೊಡ್ಡದು. ಎಲುಬು ಆಗಲೇ ಬಾಗಿದೆ ಅಥವಾ ಮುರಿದಿದೆ. ರೆಕ್ಲಿಂಗ್‌ಹೌಸೆನ್ ೧೮೯೧ರಲ್ಲಿ ವರ್ಣಿಸಿದ ಚಿತ್ರವು ಯೂರೋಪಿನಲ್ಲಿ ಮಾಯವಾಗಿ ಇಲ್ಲಿ ಇನ್ನೂ ಉಳಿದಿದೆ. ರೋಗವು ತಡವಾಗಿ ಗೊತ್ತಾಗುವುದು ಒಂದು ಹೇತು. ಬಿಸಿಲಿನ ನಾಡಾದರೂ ಡಿ ಜೀವಸತ್ವದ ಕೊರತೆಯು ವ್ಯಾಪಕವಾಗಿರುವುದು, ಆಹಾರದಲ್ಲಿ ಸುಣ್ಣದ ಅಂಶ ಕಡಿಮೆಯಾಗಿರುವುದು ಮತ್ತೊಂದು. ಆ ಕೊರತೆಯಿದ್ದಾಗ ರಕ್ತದ ಕ್ಯಾಲ್ಸಿಯಂ ಸಹಜದಂತೆ ತೋರಿ ವೈದ್ಯನನ್ನು ಮೋಸಗೊಳಿಸುವುದೂ ಉಂಟು.

ಭೀಮೆಯ ಈ ದಡಗಳಲ್ಲಿ ಎರ್ಡ್‌ಹೈಮ್ ಮತ್ತು ಶ್ಲಾಗೆನ್‌ಹೌಫರರ ವಾದವು ಇನ್ನೊಂದು ರೂಪದಲ್ಲಿ ಇಂದಿಗೂ ಜೀವಂತವಾಗಿದೆ. ಎರ್ಡ್‌ಹೈಮನು ಪೂರ್ತಿಯಾಗಿ ತಪ್ಪಿರಲಿಲ್ಲ. ಡಿ ಜೀವಸತ್ವದ ಕೊರತೆಯಲ್ಲಿ, ಮೂತ್ರಪಿಂಡ ಕೆಟ್ಟವರಲ್ಲಿ, ಗ್ರಂಥಿಗಳು ನಿಜವಾಗಿಯೂ ರಕ್ತದ ಕೊರತೆಗೆ ಉತ್ತರವಾಗಿ ನಾಲ್ಕಕ್ಕೆ ನಾಲ್ಕೂ ಬೆಳೆಯುತ್ತವೆ. ಅಲ್ಲಿ ಅವು ಕಾರ್ಯವೇ. ಇದರ ಜೊತೆಗೆ ನೀರಿನಲ್ಲಿರುವ ಫ್ಲೋರೈಡ್ ಸೇರುತ್ತದೆ. ಆಳಂದ, ಅಫಜಲಪುರಗಳ ಕಡೆ ನೆಲದಡಿಯಲ್ಲಿ ದಖನ್ನಿನ ಕರಿಕಲ್ಲು; ಭೀಮೆಯನ್ನು ದಾಟಿ ಜೇವರ್ಗಿಯ ಆಚೆ ಶಹಾಪುರ, ಸುರಪುರಗಳತ್ತ ನಡೆದರೆ ಕಣಶಿ಼ಲೆ; ಮಗ್ಗುಲಿಗೆ ಶಹಾಬಾದಿನ ಸುಣ್ಣದ ಹಾಸುಗಲ್ಲು. ಕಣಶಿಲೆಯ ನೆಲದ ಆಳವಾದ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಹೆಚ್ಚಾಗಿರುವುದು ಸಾಮಾನ್ಯ. ಕಲಬುರಗಿ ಜಿಲ್ಲೆಯ ಕೆಲವು ಗ್ರಾಮಗಳಲ್ಲಿ ಲೀಟರಿಗೆ ೧.೫ ಮಿಲಿಗ್ರಾಂ ಎಂಬ ಮಿತಿಯನ್ನು ಅದು ಮೀರಿರುವುದು ಕಂಡುಬಂದಿದೆ. ಮನೆಯ ನೆಲಕ್ಕೆ ಹಾಸಿದ ಕಲ್ಲು ಅಪ್ಪಟ ಸುಣ್ಣ, ಅದರ ಮೇಲೆ ನಡೆಯುವವನ ಎಲುಬಿನಲ್ಲಿ ಸುಣ್ಣದ ತಕರಾರು!

ಫ್ಲೋರೈಡಿನಿಂದ ಎಲುಬು ಕೆಡುವುದನ್ನು ಭಾರತದಲ್ಲಿ ಮೊದಲು ವಿವರವಾಗಿ ಬರೆದವರು ಶಾರ್ಟ್ ಮತ್ತು ಅವರ ಸಹೋದ್ಯೋಗಿಗಳು; ೧೯೩೭ರಲ್ಲಿ, ಮದರಾಸು ಪ್ರಾಂತದಲ್ಲಿ. ಕಲಬುರಗಿಯಂತೆಯೇ ನಿಜಾಮರ ಆಳ್ವಿಕೆಯಲ್ಲಿದ್ದ ನಲಗೊಂಡ ಜಿಲ್ಲೆಯ ರೋಗಿಗಳನ್ನು ಸಿದ್ದಿಕಿ ಎಂಬ ವೈದ್ಯರು ೧೯೫೫ರಲ್ಲಿ ವರ್ಣಿಸಿದರು. ಫ್ಲೋರೈಡ್ ರೋಗಿಗಳಲ್ಲಿ ಕೆಲವರ ಪ್ಯಾರಾಥೈರಾಯ್ಡ್ ಗ್ರಂಥಿಗಳು ಪ್ರತಿಕ್ರಿಯೆಯಾಗಿ ಅತಿಸ್ರಾವಕ್ಕೆ ತೊಡಗುವುವೆಂದು ಉತ್ತರ ಪ್ರದೇಶದ ತೇವತಿಯಾ ದಂಪತಿಗಳು ೧೯೭೩ರಲ್ಲಿ ತೋರಿಸಿದರು. ಇಲ್ಲಿಯೂ ಗ್ರಂಥಿಯು ಕಾರ್ಯ, ನೀರು ಕಾರಣ. ಆದರೆ ಬಹು ವರ್ಷ ಹೀಗೆ ಚಾಟಿ ತಿಂದ ಗ್ರಂಥಿಯು ಒಂದು ದಿನ ಕಡಿವಾಣ ಕಿತ್ತುಕೊಂಡು, ಮೂಲ ಕಾರಣವು ಹೋದ ಮೇಲೂ ತಾನೇ ಸ್ರವಿಸುತ್ತ ನಿಲ್ಲುವುದುಂಟು. ಮೂತ್ರಪಿಂಡದ ರೋಗಿಗಳಲ್ಲಿ ಇದು ಚೆನ್ನಾಗಿ ಪರಿಚಿತವಾದ ಸಂಗತಿ. ಆಗ ಕಾರ್ಯವೇ ಕಾರಣವಾಯಿತು. ನೈಯಾಯಿಕರು ಇದನ್ನು ಒಪ್ಪುವರೋ ಇಲ್ಲವೋ, ಶರೀರವಂತೂ ಒಪ್ಪಿಕೊಂಡಿದೆ.

ಆದುದರಿಂದ ಜೇವರ್ಗಿಯ ಹಳ್ಳಿಯೊಂದರಿಂದ ಬೆನ್ನು ಸೆಟೆದು, ಕಾಲು ಬಾಗಿ ಬಂದವನ ಎಲುಬಿನ ಚಿತ್ರವನ್ನು ವೈದ್ಯರು ಎರಡು ಕಣ್ಣಿನಿಂದ ನೋಡಬೇಕಾಗುತ್ತದೆ. ಫ್ಲೋರೈಡಿನಲ್ಲಿ ಬೆನ್ನೆಲುಬು ದಟ್ಟವಾಗಿ ಬೆಳ್ಳಗೆ ತೋರುವುದು, ಮುಂಗೈಯ ಎರಡು ಎಲುಬುಗಳ ನಡುವಿನ ಪೊರೆಯೂ ಸುಣ್ಣಗಟ್ಟುವುದು. ಗ್ರಂಥಿಯ ಗೆಡ್ಡೆಯಲ್ಲಿ ಎಲುಬು ತೆಳುವಾಗಿ, ಬೆರಳಿನ ನಡುವಿನ ಗೆಣ್ಣಿನೆಲುಬುಗಳ ಅಂಚು ಗೆದ್ದಲು ತಿಂದಂತೆ ಸವೆದಿರುವುದು. ದವಡೆಯಲ್ಲಿ ಕಂದು ಗೆಡ್ಡೆಯೆದ್ದು ಹಲ್ಲು ಸಡಿಲವಾಗುವುದೂ ಉಂಟು. ಎರಡೂ ಬೆರೆತಿದ್ದರೆ ರಕ್ತವೇ ಸಾಕ್ಷಿ: ರಸವು ಏರಿ ಕ್ಯಾಲ್ಸಿಯಂ ಇಳಿದಿದ್ದರೆ ಅಥವಾ ಸಹಜವಾಗಿದ್ದರೆ ಮೊದಲು ನೀರನ್ನು ಬದಲಿಸಿ, ಡಿ ಜೀವಸತ್ವವನ್ನು ವೈದ್ಯರ ಅಳತೆಯಲ್ಲಿ ತುಂಬಿ, ಮತ್ತೆ ನೋಡುವರು, ಎರಡೂ ಏರಿದ್ದರೆ ಗೆಡ್ಡೆಯನ್ನು ಹುಡುಕುವರು.

ಒಂದು ಕಾಲಕ್ಕೆ ಇಷ್ಟೆಲ್ಲಕ್ಕೆ ಆಳಂದ, ಅಫಜಲಪುರಗಳವರು ಸೊಲ್ಲಾಪುರ, ಮೀರಜಗಳಿಗೋ ಹೈದರಾಬಾದಿನ ಉಸ್ಮಾನಿಯಾ ಆಸ್ಪತ್ರೆಗೋ ಹೋಗಬೇಕಾಗಿತ್ತು. ೧೯೬೩ರಲ್ಲಿ ಕಲಬುರಗಿಯಲ್ಲಿ ಮಹಾದೇವಪ್ಪ ರಾಂಪುರೆ ವೈದ್ಯಕೀಯ ಕಾಲೇಜು ಆರಂಭವಾಯಿತು. ಅನಂತರ ಸರಕಾರದ ಕಾಲೇಜೂ ಬಂದಿತು. ರಕ್ತದ ಕ್ಯಾಲ್ಸಿಯಂ ಪರೀಕ್ಷೆಯು ಇಂದು ದೊಡ್ಡ ಖರ್ಚಿನದಲ್ಲ, ಜಿಲ್ಲಾಕೇಂದ್ರದಲ್ಲಿಯೇ ಆಗತಕ್ಕದ್ದು. ಗೆಡ್ಡೆಯ ಶಸ್ತ್ರಕ್ರಿಯೆಗೆ ಮಾತ್ರ ಈ ಕೆಲಸವನ್ನು ಹಲವು ಸಲ ಮಾಡಿದ ಕೈಯೇ ಬೇಕಾದುದರಿಂದ ಬೆಂಗಳೂರು, ಹೈದರಾಬಾದುಗಳ ದಾರಿ ತಪ್ಪಿಲ್ಲ. ಮರಳಿದ ಮೇಲೂ ಮೊದಲ ಕೆಲವು ವಾರ ಎಚ್ಚರ ಬೇಕು. ವರ್ಷಗಟ್ಟಲೆ ಬರಿದಾಗಿದ್ದ ಎಲುಬುಗಳು ಹಸಿದ ದನ ಮೇವಿಗೆ ಬಿದ್ದಂತೆ ರಕ್ತದ ಸುಣ್ಣವನ್ನೆಲ್ಲ ಎಳೆದುಕೊಳ್ಳುವುದರಿಂದ ತುಟಿ, ಬೆರಳುಗಳು ಜುಮುಗುಟ್ಟಿ, ಹಿಂದೆ ಗಲಗಂಡ ತೆಗೆದವರಿಗೆ ಬಂದಿದ್ದ ಅದೇ ಸೆಳೆತವು ಬರಬಹುದು. ಅದಕ್ಕಾಗಿ ಕ್ಯಾಲ್ಸಿಯಂ ಮತ್ತು ಡಿ ಜೀವಸತ್ವವನ್ನು ತಿಂಗಳುಗಟ್ಟಲೆ ಕೊಡುವರು. ಕ್ಯಾನ್ಸರ್ ಆಗಿದ್ದವರಾದರೆ ಆಮೇಲೆಯೂ ಬದುಕಿರುವವರೆಗೆ ಕೆಲವು ತಿಂಗಳಿಗೊಮ್ಮೆ ರಕ್ತ ಕೊಟ್ಟು ಬರಬೇಕು. ಆ ಕೆಲಸಕ್ಕೆ ಕಲಬುರಗಿಯನ್ನು ದಾಟಿ ಹೋಗಬೇಕಾಗಿಲ್ಲ.